ಒಂದು ಪದ ಓದಲು ಎಗ್ ಮೋರ್ತ್‌ಗೆ

ಅಕ್ಕ ಎರಡು ತಿಂಗಳಿಂದ ಮನೆಯ ಮೆಟ್ಟಿಲುಗಳನ್ನು ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಹತ್ತಿ ಇಳಿಯುತ್ತಿದ್ದಾಳೆ. ಅವಳಿಗೆ ಅರವತ್ತೇಳು ವರ್ಷ, ಬಲ ಮಂಡಿ ಸವೆದಿದೆ. ಹತ್ತುವಾಗ ಗೋಡೆಯನ್ನು ಮುಟ್ಟುವುದಿಲ್ಲ. ಇಳಿಯುವಾಗ ಮಾತ್ರ ಹಿಡಿದುಕೊಳ್ಳುತ್ತಾಳೆ. ಸೆಪ್ಟೆಂಬರ್‌ನಲ್ಲಿ ನಾವಿಬ್ಬರೂ ಫ್ರಾನ್ಸಿನ ದಕ್ಷಿಣದ ಒಂದು ಸಣ್ಣ ಊರಿಗೆ ಹೊರಟಿದ್ದೇವೆ. ಅಲ್ಲಿನ ಗೋಪುರವೊಂದರ ಮೇಲಿನ ಕೋಣೆಯನ್ನು ತಲುಪಬೇಕಾದರೆ ಗೋಡೆಯ ಒಳಗೇ ಸುತ್ತಿಕೊಂಡು ಏರುವ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲುಗಳನ್ನು ಹತ್ತಬೇಕು. ಕೆಳಗೆ ನಿಂತು ನೋಡಿ ಬರುವುದಾದರೆ ನಾನು ಬರುವುದೇ ಇಲ್ಲ ಎಂದು ಅಕ್ಕ ಮೊದಲ ದಿನವೇ ಹೇಳಿಬಿಟ್ಟಿದ್ದಾಳೆ.

ಊರಿನ ಹೆಸರು ಎಗ್ ಮೋರ್ತ್. ಸತ್ತ ನೀರು ಎಂದು ಅರ್ಥ. ಲ್ಯಾಟಿನ್ನಿನ ‘ಅಕ್ವಾ’ ದಕ್ಷಿಣ ಫ್ರಾನ್ಸಿನ ಆಕ್ಸಿತಾನ್ ನುಡಿಯಲ್ಲಿ ‘ಐಗ’ ಆಗಿ, ಅಲ್ಲಿಂದ ಈ ರೂಪಕ್ಕೆ ಬಂದಿದೆ. ಹರಿಯದೆ ನಿಂತ ನೀರು ಅದು: ಸುತ್ತ ಜವುಗು, ಉಪ್ಪುನೀರಿನ ಕೊಳಗಳು, ಜೊಂಡು. ರೋನ್ ನದಿ ಸಮುದ್ರ ಸೇರುವ ಕಾಮಾರ್ಗ್ ಪ್ರದೇಶದ ಪಶ್ಚಿಮ ಅಂಚಿನಲ್ಲಿ, ಗಾರ್ ಜಿಲ್ಲೆಯಲ್ಲಿ, ನಾಲ್ಕೂ ಕಡೆ ಕೋಟೆಗೋಡೆ ಸುತ್ತಿಕೊಂಡು ಈ ಊರು ಕುಳಿತಿದೆ. ಗೋಡೆಯ ಒಟ್ಟು ಉದ್ದ 1,634 ಮೀಟರ್. ಏಳು ಶತಮಾನಗಳ ಹಿಂದೆ ಕಟ್ಟಿದ ಆ ಸುತ್ತು ಎಲ್ಲಿಯೂ ಕಡಿಯದೆ ಇಂದಿಗೂ ನಿಂತಿದೆ.

ಮೊದಲು ನಾವು ಒಬ್ಬ ಪ್ರವಾಸ ಏಜೆಂಟರ ಬಳಿ ಹೋಗಿದ್ದೆವು. ಅವರು ತಯಾರಿಸಿ ಕೊಟ್ಟ ಎಂಟು ದಿನಗಳ ಪಟ್ಟಿಯಲ್ಲಿ ನೀಸ್, ಆವಿನ್ಯೋಂ, ಆರ್ಲ್, ಕಾರ್ಕಸೋನ್ ಎಲ್ಲವೂ ಇದ್ದವು. ನಡುವೆ, ಐದನೆಯ ದಿನದ ಮಧ್ಯಾಹ್ನ, ‘ಎಗ್ ಮೋರ್ತ್: ಎರಡು ಗಂಟೆ, ಫೋಟೊಗಾಗಿ’ ಎಂದಿತ್ತು. ಅಕ್ಕ ಆ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಮೂವತ್ತೆಂಟು ವರ್ಷ ಒಬ್ಬಳು ಬದುಕಿದ ಕೋಣೆಗೆ ಎರಡು ಗಂಟೆ ಸಾಕೇ ಎಂದು ದಾರಿಯಲ್ಲಿ ಕೇಳಿದಳು. ಅಲ್ಲಿಂದ ಮುಂದಿನ ಯೋಜನೆಯನ್ನೆಲ್ಲ ನಾವೇ ಮಾಡಿಕೊಳ್ಳುತ್ತಿದ್ದೇವೆ. ಐದು ರಾತ್ರಿ, ಒಂದೇ ಊರು.

ಆ ಒಬ್ಬಳ ಹೆಸರು ಮಾರಿ ದ್ಯುರಾಂ. ಹುಟ್ಟಿದ್ದು 1711ರಲ್ಲಿ, ವಿವಾರೆ ಎಂಬ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ. ಈಗ ಅದು ಆರ್ದೆಶ್ ಜಿಲ್ಲೆ. ಮನೆಯವರು ಪ್ರಾಟೆಸ್ಟೆಂಟರು. ಪ್ರಾಟೆಸ್ಟೆಂಟರಿಗೆ ಪೂಜೆಯ ಹಕ್ಕು ಕೊಟ್ಟಿದ್ದ 1598ರ ನಾಂತ್ ಶಾಸನವನ್ನು ಫ್ರಾನ್ಸಿನ ಕ್ಯಾಥೊಲಿಕ್ ರಾಜ ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದು ಮಾಡಿದ ಮೇಲೆ, ಕಾಡಿನಲ್ಲೋ ಕಣಿವೆಯಲ್ಲೋ ಗುಟ್ಟಾಗಿ ಸೇರಿ ಪ್ರಾರ್ಥಿಸುವುದೇ ಅಪರಾಧವಾಯಿತು. ಸಿಕ್ಕಿಬಿದ್ದ ಗಂಡಸರು ರಾಜನ ಹಡಗುಗಳಲ್ಲಿ ಹುಟ್ಟು ಹಾಕಬೇಕು, ಹೆಂಗಸರು ಸೆರೆಮನೆಗೆ ಹೋಗಬೇಕು, ಬೋಧಕರು ನೇಣಿಗೆ ಏರಬೇಕು. ಮಾರಿಯ ಅಣ್ಣ ಪಿಯೇರ್ ಬೋಧಕನಾಗಿದ್ದ. ಅವನು ಕೈಗೆ ಸಿಗದಿದ್ದಾಗ ಮುದುಕ ತಂದೆಯನ್ನು ಹಿಡಿದು ಸಮುದ್ರದ ನಡುವಿನ ಬ್ರೆಸ್ಕು ಕೋಟೆಗೆ ಹಾಕಿದರು. 1730ರಲ್ಲಿ ಮಾರಿಯನ್ನು ಹಿಡಿದು ಎಗ್ ಮೋರ್ತ್‌ನ ಕೋಂಸ್ತಾಂಸ್ ಗೋಪುರದಲ್ಲಿ ಕೂಡಿದರು. ಎರಡು ವರ್ಷದ ನಂತರ ಅಣ್ಣನೂ ಸಿಕ್ಕಿದ. 1732ರ ಏಪ್ರಿಲ್‌ನಲ್ಲಿ ಮೋಂಪೆಲ್ಯೇಯಲ್ಲಿ ಅವನನ್ನು ನೇಣಿಗೆ ಹಾಕಿದರು. ಮಾರಿ ಹೊರಗೆ ಬಂದದ್ದು 1768ರ ಏಪ್ರಿಲ್‌ನಲ್ಲಿ. ಒಳಗೆ ಹೋದಾಗ ಅವಳಿಗೆ ಹತ್ತೊಂಬತ್ತರ ಆಸುಪಾಸು, ಹೊರಗೆ ಬಂದಾಗ ಐವತ್ತಾರು.

ಇಷ್ಟೂ ವರ್ಷ ಬಾಗಿಲು ತೆರೆಯುವ ಬೀಗದ ಕೈ ಅವಳ ಬಳಿಯೇ ಇತ್ತು. ನನ್ನನ್ನು ಅಲ್ಲಾಡಿಸಿದ್ದು ಇದು. ನನ್ನ ನಂಬಿಕೆಯನ್ನು ಬಿಟ್ಟೆ ಎಂದು ಒಂದು ಮಾತು ಹೇಳಿದ್ದರೆ ಅವಳು ಹೊರಗೆ ಬರಬಹುದಿತ್ತು. ಅವಳು ಹೇಳಲಿಲ್ಲ. ಅವಳ ಜೊತೆಗಿದ್ದ ಬಹಳಷ್ಟು ಹೆಂಗಸರೂ ಹೇಳಲಿಲ್ಲ. ಕೆಲವರು ಹೇಳಿ ಹೋದರು. ಹೋದವರನ್ನು ನಾನು ತಪ್ಪೆನ್ನಲಾರೆ. ಆ ಚಳಿ, ಆ ತೇವ, ಜವುಗಿನಿಂದ ಬರುವ ಜ್ವರಗಳ ನಡುವೆ ಮಕ್ಕಳನ್ನು ಹೊರಗೆ ಬಿಟ್ಟು ಬಂದವರು ಅವರು.

ಅಕ್ಕನಿಗೆ ಮಾರಿ ಹತ್ತಿರವಾದದ್ದು ಬೇರೆ ಕಾರಣಕ್ಕೆ. ಅಕ್ಕ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು. ಓದು ಬರಹ ಬಾರದವರು ಕಿಟಕಿಯ ಬಳಿ ಬಂದು ನಿಂತರೆ, ಊಟದ ಹೊತ್ತಿನಲ್ಲಿ ಅವರ ಕಾಗದಗಳನ್ನು ಬರೆದುಕೊಡುತ್ತಿದ್ದಳು. ಗೋಪುರದಲ್ಲಿದ್ದ ಹೆಂಗಸರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಎಲ್ಲರ ಪರವಾಗಿ ಬರೆದವಳು ಮಾರಿ. ಬಟ್ಟೆ ಬೇಕು, ಕಾಸು ಬೇಕು, ನಮ್ಮನ್ನು ಮರೆಯಬೇಡಿ ಎಂದು ಆಮ್‌ಸ್ಟರ್‌ಡ್ಯಾಮಿನ ಫ್ರೆಂಚ್ ಪ್ರಾಟೆಸ್ಟೆಂಟರಿಗೆ, ನೀಮ್ ನಗರದ ಬೋಧಕ ಪೋಲ್ ರಬೋಗೆ, ಅಣ್ಣನ ಮಗಳು ಆನ್‌ಗೆ ಬರೆದಳು. ಅವುಗಳಲ್ಲಿ ಸುಮಾರು ಐವತ್ತು ಪತ್ರಗಳು ಉಳಿದಿವೆ. ಅಕ್ಕ ಕೆಲವನ್ನು ಇಂಗ್ಲಿಷಿನಲ್ಲಿ ಓದಿದಳು. ಓದಿ ಮುಗಿಸಿದ ರಾತ್ರಿ ನನಗೆ ಫೋನ್ ಮಾಡಿ, “ಇವಳ ಕೈಬರಹ ನೋಡಬೇಕು ಕಣೇ” ಎಂದಳು. ಕಾಗದದ ಮೇಲಿನ ಕೈಬರಹವಲ್ಲ, ಕಲ್ಲಿನ ಮೇಲಿನದು.

ಗೋಪುರದ ಮೇಲಿನ ಕೋಣೆಯ ನೆಲದ ನಡುವೆ ಒಂದು ದುಂಡನೆಯ ಕಂಡಿ ಇದೆ. ಕೆಳಗಿನ ಕೋಣೆಗೆ ಬೆಳಕೂ ಗಾಳಿಯೂ ಇಳಿಯಲೆಂದು ಬಿಟ್ಟದ್ದು. ಅದರ ಸುತ್ತ ಬಾವಿಕಟ್ಟೆಯಂತೆ ಕಲ್ಲಿನ ಅಂಚು. ಆ ಅಂಚಿನಲ್ಲಿ ಯಾರೋ ಒಂದು ಪದ ಕೆರೆದಿದ್ದಾರೆ: ‘ರೆಜಿಸ್ತೆರ್’. ಫ್ರೆಂಚಿನ ‘ರೆಜಿಸ್ತೇ’ ಎಂಬ ಕ್ರಿಯಾಪದವನ್ನು ವಿವಾರೆಯ ಆಡುನುಡಿಯ ಉಚ್ಚಾರಕ್ಕೆ ತಕ್ಕಂತೆ ಬರೆದ ರೂಪ ಅದು. ಮಾರಿಯೇ ಕೆತ್ತಿದಳು ಎಂಬುದು ತಲೆಮಾರುಗಳಿಂದ ಬಂದ ನಂಬಿಕೆ. ಅದಕ್ಕೆ ಸಹಿ ಇಲ್ಲ. ಯಾವ ಕೈ ಕೆತ್ತಿದರೂ ಅದು ಒಳಗಿದ್ದ ಕೈ ಎಂಬುದಷ್ಟು ನನಗೆ ಸಾಕು.

ಈ ಪದವನ್ನು ಕನ್ನಡಕ್ಕೆ ತರಲು ನಾವಿಬ್ಬರೂ ಒಂದು ವಾರ ಜಗಳವಾಡಿದೆವು. ‘ಪ್ರತಿರೋಧಿಸು’ ಎಂದರೆ ಮೆರವಣಿಗೆಯ ಫಲಕದಂತೆ ಕೇಳುತ್ತದೆ. ಕತ್ತಲ ಕೋಣೆಯಲ್ಲಿ ಕುಳಿತವಳ ಬಾಯಲ್ಲಿ ಅದು ಹೊಂದುವುದಿಲ್ಲ. ‘ಮಣಿಯಬೇಡ’ ಚೆನ್ನಾಗಿದೆ, ಆದರೆ ಅಲ್ಲಿರುವುದು ಬೇಡ ಎನ್ನುವ ಮಾತಲ್ಲ. ‘ತಾಳು’ ಎಂದರೆ? ತಾಳಿದವನು ಬಾಳಿಯಾನು ಎನ್ನುತ್ತೇವಲ್ಲ, ಆ ತಾಳ್ಮೆಯಲ್ಲಿ ಸಹಿಸಿಕೊಂಡು ಹೋಗುವುದಿದೆ, ಎದುರು ನಿಲ್ಲುವುದಿಲ್ಲ. ಕೊನೆಗೆ ಅಕ್ಕ ‘ತಡೆದುಕೋ’ ಎಂದಳು. ನನಗೆ ಮೈ ಜುಮ್ಮೆಂದಿತು. ನೋವನ್ನು ತಡೆದುಕೊಳ್ಳುತ್ತೇವೆ, ಮೇಲೆ ಬೀಳುವ ಏಟನ್ನೂ ತಡೆಯುತ್ತೇವೆ. ಸಹಿಸುವುದೂ ಅಡ್ಡ ನಿಲ್ಲುವುದೂ ನಮ್ಮ ಭಾಷೆಯಲ್ಲಿ ಒಂದೇ ಧಾತುವಿನಿಂದ ಹುಟ್ಟುತ್ತವೆ. ರೋಮನ್ ಲಿಪಿಯ ಎಂಟು ಅಕ್ಷರಗಳ ಆ ಕಲ್ಲಿನ ಪದಕ್ಕೆ ಇದಕ್ಕಿಂತ ಹತ್ತಿರದ ಮಾತು ನಮಗೆ ಸಿಗಲಿಲ್ಲ.

ಹೀಗಾಗಿ ನಮ್ಮ ಯೋಜನೆ ತಲೆಕೆಳಗಾಗಿಯೇ ಹುಟ್ಟಿತು. ಮೊದಲು ಆ ಕೋಣೆ, ನಂತರ ಗೋಪುರ, ಆಮೇಲೆ ಊರು, ಕೊನೆಗೆ ದೇಶ.

ಯಾವಾಗ ಹೋಗುವುದು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಮೇ ತಿಂಗಳು ಹಿತವಾಗಿರುತ್ತದೆ, ಆದರೆ ಫ್ರಾನ್ಸಿನಲ್ಲಿ ಆ ತಿಂಗಳ ತುಂಬ ರಜೆಗಳು. ಅದರಲ್ಲೂ ಮೇ 1ರಂದು ಗೋಪುರವೂ ಕೋಟೆಗೋಡೆಯೂ ಮುಚ್ಚಿರುತ್ತವೆ. ಜನವರಿ 1 ಮತ್ತು ಡಿಸೆಂಬರ್ 25ರಂದೂ ಹಾಗೆಯೇ. ಜುಲೈ ಮತ್ತು ಆಗಸ್ಟ್‌ನಲ್ಲಿ ಬಿಸಿಲು, ಜನ, ಸೊಳ್ಳೆ ಮೂರೂ ಒಟ್ಟಿಗೆ ಬರುತ್ತವೆ. ಆಗಸ್ಟ್ ಕೊನೆಯಲ್ಲಿ, ಊರು ಕಟ್ಟಿಸಿದ ರಾಜ ಸಂತ ಲೂಯಿಯ ಹಬ್ಬವೆಂದು ಇಡೀ ಊರು ಮಧ್ಯಯುಗದ ವೇಷ ತೊಡುತ್ತದೆ. ಅದನ್ನು ನೋಡಬೇಕೆಂದು ನನಗೆ ಆಸೆಯಿತ್ತು. ಅಕ್ಕನಿಗೆ ಆ ಗದ್ದಲ ಬೇಡ. ಅಕ್ಟೋಬರ್‌ನಲ್ಲಿ ಊರಿನ ವಾರ್ಷಿಕ ಹಬ್ಬ, ಗೋಡೆಯ ಹೊರಗೆ ಮನೆತನಗಳು ತಲೆಮಾರುಗಳಿಂದ ಕಟ್ಟುವ ಮರದ ಅಟ್ಟಣಿಗೆಗಳು, ನಡುವೆ ಓಡುವ ಕಾಮಾರ್ಗಿನ ಕಪ್ಪು ಹೋರಿಗಳು. ಆದರೆ ಶರತ್ಕಾಲದಲ್ಲಿ ಉತ್ತರದ ಸೇವೆನ್ ಎಂಬ ಬೆಟ್ಟಸಾಲಿನ ಕಡೆಯಿಂದ ಇದ್ದಕ್ಕಿದ್ದಂತೆ ಭಾರಿ ಮಳೆ ಸುರಿಯುತ್ತದೆ. ಗಾರ್ ಜಿಲ್ಲೆಯವರು 1988ರ ನೀಮ್ ಪ್ರವಾಹವನ್ನೂ 2002ರ ಸೆಪ್ಟೆಂಬರ್‌ನ ಪ್ರವಾಹವನ್ನೂ ಮರೆತಿಲ್ಲ. ಎಲ್ಲ ತೂಗಿ ಸೆಪ್ಟೆಂಬರ್ ಮೊದಲ ಭಾಗವನ್ನು ಆರಿಸಿದ್ದೇವೆ. ಮಳೆ ಬಂದರೆ ಒಂದೆರಡು ದಿನ ಕೈತಪ್ಪಿದರೂ ಕೋಣೆ ಕೈತಪ್ಪಬಾರದೆಂದೇ ಐದು ರಾತ್ರಿ. ಆ ತಿಂಗಳ ಮೂರನೆಯ ವಾರಾಂತ್ಯ ಯುರೋಪಿನ ಪರಂಪರೆಯ ದಿನಗಳು. ಸ್ಮಾರಕಗಳು ಜನರಿಂದ ತುಂಬಿ ತುಳುಕುತ್ತವೆ; ಆ ಎರಡು ದಿನಗಳನ್ನು ತಪ್ಪಿಸಿಯೇ ಟಿಕೆಟ್ ತೆಗೆದಿದ್ದೇವೆ.

ಸೆಪ್ಟೆಂಬರ್‌ಗೆ ಇನ್ನೊಂದು ಕಾರಣವಿದೆ. ಅದು ಉಪ್ಪಿನ ಸುಗ್ಗಿ.

ಈ ಭಾಗವನ್ನು ನಾನು ಅಕ್ಕನಿಗಿಂತ ಹೆಚ್ಚು ಓದಿಕೊಂಡಿದ್ದೇನೆ. ಊರಿನ ದಕ್ಷಿಣದ ಗೋಡೆಯ ಮೇಲೆ ನಿಂತರೆ ಕಣ್ಣೆದುರು ಹರಡುವುದು ಗುಲಾಬಿ ಬಣ್ಣದ ನೀರು, ಅದರಾಚೆ ಬಿಳಿಯ ಗುಡ್ಡಗಳು. ಆ ಗುಡ್ಡಗಳೆಲ್ಲ ಉಪ್ಪು. ಅಲ್ಲಿನ ಕೆಲಸಗಾರರು ಅವನ್ನು ‘ಕಾಮೆಲ್’ ಎನ್ನುತ್ತಾರೆ, ಒಂಟೆಯ ಬೆನ್ನಿನಂತೆ ಕಾಣುವುದರಿಂದ. ಮೆಡಿಟರೇನಿಯನ್ನಿನ ನೀರನ್ನು ವಸಂತದಿಂದಲೇ ಒಳಗೆ ಬಿಟ್ಟು ಕೊಳದಿಂದ ಕೊಳಕ್ಕೆ, ಇನ್ನೊಂದು ಕೊಳಕ್ಕೆ ನಿಧಾನವಾಗಿ ಸಾಗಿಸುತ್ತಾರೆ. ಬಿಸಿಲೂ ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿಯೂ ನೀರನ್ನು ಹೀರುತ್ತ ಹೋಗುತ್ತವೆ. ಲೀಟರಿಗೆ ಸುಮಾರು 260 ಗ್ರಾಂ ಉಪ್ಪು ಎಂಬ ಹಂತ ತಲುಪಿದಾಗ ಹರಳುಗಟ್ಟಲು ತೊಡಗುತ್ತದೆ. ಗಾಳಿ ಶಾಂತವಾಗಿರುವ ಬೇಸಿಗೆಯ ದಿನಗಳಲ್ಲಿ ನೀರಿನ ಮೇಲೆ ತೆಳುವಾಗಿ ತೇಲುವ ಹರಳೇ ‘ಫ್ಲೆರ್ ದ ಸೆಲ್’, ಉಪ್ಪಿನ ಹೂವು. ಅದನ್ನು ಕೈಯಿಂದಲೇ ಮೇಲಕ್ಕೆ ಬಾಚಿ ತೆಗೆಯುತ್ತಾರೆ. ತಳದಲ್ಲಿ ಕೂತ ದಪ್ಪ ಉಪ್ಪಿನ ಕೊಯ್ಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ.

ಗುಲಾಬಿ ಬಣ್ಣಕ್ಕೆ ಕಾರಣ ‘ದುನಾಲಿಯೆಲ್ಲಾ ಸಲೀನಾ’ ಎಂಬ ಕಣ್ಣಿಗೆ ಕಾಣದ ಪಾಚಿ. ಬೇರೆ ಜೀವಿಗಳು ಸಾಯುವಷ್ಟು ಉಪ್ಪಿನಲ್ಲಿ ಅದು ಬದುಕುತ್ತದೆ. ಬಿಸಿಲಿನಿಂದ ಕಾಪಾಡಿಕೊಳ್ಳಲು ಕೆಂಪು ವರ್ಣದ್ರವ್ಯವನ್ನು ಮೈತುಂಬ ತುಂಬಿಕೊಳ್ಳುತ್ತದೆ. ಆ ಪಾಚಿಯನ್ನು ಆರ್ಟೀಮಿಯಾ ಎಂಬ ಪುಟಾಣಿ ಸೀಗಡಿ ತಿನ್ನುತ್ತದೆ, ಸೀಗಡಿಯನ್ನು ರಾಜಹಂಸಗಳು ತಿನ್ನುತ್ತವೆ, ಹಾಗೆ ಪಾಚಿಯ ಕೆಂಪು ಹಕ್ಕಿಯ ರೆಕ್ಕೆಗೆ ಏರುತ್ತದೆ. ಇದನ್ನು ವಿವರಿಸಿದಾಗ ಅಕ್ಕ ಸುಮ್ಮನೆ ಕೇಳುತ್ತಿದ್ದು, “ಅದೂ ತಡೆದುಕೊಳ್ಳುವುದೇ ಅಲ್ಲವೇ” ಎಂದಳು. ನಾನು ಉತ್ತರಿಸಲಿಲ್ಲ, ಆದರೆ ಆ ಮಾತು ನನ್ನೊಳಗೆ ಉಳಿದುಬಿಟ್ಟಿದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವ ಗಾದೆ ಆ ಊರಿನಲ್ಲಿ ಸುಳ್ಳಾದದ್ದೂ ಉಂಟು. 1893ರ ಆಗಸ್ಟ್ 17ರಂದು ಇದೇ ಉಪ್ಪಿನ ಗದ್ದೆಗಳಲ್ಲಿ ಕೂಲಿಗೆ ಬಂದಿದ್ದ ಇಟಲಿಯ ಕಾರ್ಮಿಕರ ಮೇಲೆ ಫ್ರೆಂಚ್ ಕಾರ್ಮಿಕರೂ ಊರಿನ ಜನರೂ ದೊಣ್ಣೆ ಬಂದೂಕು ಹಿಡಿದು ಬಿದ್ದರು. ಕೂಲಿಯ ಕೆಲಸಕ್ಕಾಗಿ ಹತ್ತಿಕೊಂಡ ಜಗಳ ಅದು. ಸರ್ಕಾರಿ ಲೆಕ್ಕದಲ್ಲೇ ಎಂಟು ಮಂದಿ ಸತ್ತರು, ಅನೇಕರು ಗಾಯಗೊಂಡರು. ಆಂಗುಲೇಮ್ ನಗರದಲ್ಲಿ ವಿಚಾರಣೆ ನಡೆದು ಆರೋಪಿಗಳೆಲ್ಲರೂ ಖುಲಾಸೆಯಾದರು. ಉಪ್ಪಿನ ಗದ್ದೆಗಳ ನಡುವೆ ಪ್ರವಾಸಿಗಳನ್ನು ಕರೆದೊಯ್ಯುವ ಪುಟ್ಟ ಗಾಡಿಯಲ್ಲಿ ನಾವೂ ಕೂರುತ್ತೇವೆ. ಕೂರುವಾಗ ಈ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಕೂರಬೇಕೆಂಬುದು ನನ್ನ ಹಟ. ಸುಂದರ ಜಾಗಕ್ಕೆ ಹೋಗುವವರು ಅಲ್ಲಿ ಸತ್ತವರ ವಿಷಯ ತಿಳಿದು ಹೋಗಬೇಕು.

ಇನ್ನು ದಾರಿ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ನೀಮ್‌ಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ. ಇಲ್ಲಿ ನಾನು ಹೆಚ್ಚುಕಡಿಮೆ ಎಡವಿದ್ದೆ. ನೀಮ್‌ಗೆ ಎರಡು ನಿಲ್ದಾಣಗಳಿವೆ. ಒಂದು ಊರಿನ ನಡುವೆ, ರೋಮನ್ನರ ವೃತ್ತರಂಗದಿಂದ ಕಾಲ್ನಡಿಗೆಯ ದೂರದಲ್ಲಿ. ಇನ್ನೊಂದು 2019ರ ಡಿಸೆಂಬರ್‌ನಲ್ಲಿ ತೆರೆದ ‘ನೀಮ್ ಪೋಂ ದ್ಯು ಗಾರ್’, ಊರ ಹೊರಗೆ ಬಯಲಿನಲ್ಲಿ. ಅಗ್ಗವಾಗಿ ಕಂಡ ಟಿಕೆಟ್ ಎರಡನೆಯದಕ್ಕೆ ಇತ್ತು. ಅಲ್ಲಿ ಇಳಿದರೆ ಮತ್ತೊಂದು ರೈಲು ಹಿಡಿದು ಊರ ನಿಲ್ದಾಣಕ್ಕೆ ಬರಬೇಕು, ಆಮೇಲೆ ಮೂರನೆಯ ರೈಲು. ಪೆಟ್ಟಿಗೆ ಎಳೆದುಕೊಂಡು ಅಕ್ಕನ ಮಂಡಿಗೆ ಅದು ಆಗದ ಮಾತು. ಟಿಕೆಟ್ ಮೇಲೆ ನಿಲ್ದಾಣದ ಪೂರ್ತಿ ಹೆಸರನ್ನು ಓದಿ ಎಂದು ಆ ಕಡೆ ಹೊರಟವರಿಗೆಲ್ಲ ಹೇಳುತ್ತೇನೆ. ಮೋಂಪೆಲ್ಯೇಯಲ್ಲೂ ಹೀಗೆಯೇ ಎರಡು ನಿಲ್ದಾಣಗಳಿವೆ.

ನೀಮ್‌ನಿಂದ ಎಗ್ ಮೋರ್ತ್‌ಗೆ ಪ್ರಾದೇಶಿಕ ರೈಲು ಇದೆ. ಮುಕ್ಕಾಲು ಗಂಟೆಯ ಹಾದಿ, ದ್ರಾಕ್ಷಿತೋಟಗಳ ನಡುವೆ ಸಾಗಿ ಮುಂದೆ ಲ ಗ್ರೋ ದ್ಯು ರ್ವಾ ಎಂಬ ಮೀನುಗಾರರ ಊರಿನಲ್ಲಿ, ಸಮುದ್ರದ ಅಂಚಿನಲ್ಲಿ ಕೊನೆಯಾಗುತ್ತದೆ. ದಿನಕ್ಕೆ ಇರುವ ರೈಲುಗಳು ಹೆಚ್ಚಲ್ಲ. ಆದ್ದರಿಂದ ವೇಗದ ರೈಲಿನ ಸಮಯವನ್ನು ಈ ಸಣ್ಣ ರೈಲಿನ ಸಮಯ ನೋಡಿ ಗೊತ್ತು ಮಾಡಿಕೊಂಡೆವು, ಹಿಂದುಮುಂದಾಗಿ. ನಡುವೆ ಸಿಗುವ ಎರಡು ಗಂಟೆಯಲ್ಲಿ ನೀಮ್‌ನ ಮೇಸೋಂ ಕಾರೇ ದೇಗುಲವನ್ನು ಹೊರಗಿನಿಂದ ನೋಡಬಹುದು. 2023ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಷ್ಟು ಸಾಕು.

ಉಳಿಯಲು ಗೋಡೆಯ ಒಳಗೇ ಒಂದು ಕೋಣೆ ಹಿಡಿದಿದ್ದೇವೆ, ನೆಲಮಹಡಿಯಲ್ಲಿ. ಹೊರಗಿನ ಹೋಟೆಲುಗಳು ಅಗ್ಗ, ಕಾರು ಇರುವವರಿಗೆ ಅನುಕೂಲ ಕೂಡ. ಆದರೆ ನಮಗೆ ಹಗಲಿನ ಪ್ರವಾಸಿಗಳೆಲ್ಲ ಹೋದ ಮೇಲಿನ ಊರು ಬೇಕು. ಒಳಗಿನ ಬೀದಿಗಳು ಚೌಕಾಬಾರದ ಮನೆಗಳಂತೆ ನೇರವಾಗಿ ಒಂದನ್ನೊಂದು ಕತ್ತರಿಸುತ್ತವೆ, ದಾರಿ ತಪ್ಪುವ ಭಯವಿಲ್ಲ. ಒಂಬತ್ತನೆಯ ಲೂಯಿ, ಅಂದರೆ ಆ ಸಂತ ಲೂಯಿ, ಯೋಜನೆ ಹಾಕಿ ಕಟ್ಟಿಸಿದ ಊರು ಅಲ್ಲವೇ.

ರಾಜನ ಕತೆಯನ್ನು ಇಷ್ಟು ಹೊತ್ತು ಹೇಳಲೇ ಇಲ್ಲ. ಆ ಕಾಲದಲ್ಲಿ ಫ್ರಾನ್ಸಿನ ರಾಜನಿಗೆ ಮೆಡಿಟರೇನಿಯನ್ ದಂಡೆಯಲ್ಲಿ ಸ್ವಂತದ್ದೊಂದು ಬಂದರು ಇರಲಿಲ್ಲ. ಮಾರ್ಸೇ ಪ್ರೊವಾಂಸ್ ದೊರೆಗಳದ್ದು, ಮೋಂಪೆಲ್ಯೇ ಆರಗಾನ್ ರಾಜನದ್ದು. 1240ರಲ್ಲಿ ಲೂಯಿ ಸಲ್ಮೋದಿ ಮಠದ ಸನ್ಯಾಸಿಗಳಿಂದ ಈ ಜವುಗು ನೆಲವನ್ನು ಪಡೆದು ಬಂದರು ಕಟ್ಟಿಸಿದ. 1248ರ ಆಗಸ್ಟ್‌ನಲ್ಲಿ ಇಲ್ಲಿಂದಲೇ ಧರ್ಮಯುದ್ಧಕ್ಕೆ ಹೊರಟು ಈಜಿಪ್ಟಿನಲ್ಲಿ ಸೆರೆಸಿಕ್ಕ. 1270ರಲ್ಲಿ ಮತ್ತೆ ಇಲ್ಲಿಂದಲೇ ಹೊರಟು ಟ್ಯೂನಿಸ್ಸಿನಲ್ಲಿ ಸತ್ತ. ಅಲೆಗಳು ಕೋಟೆಯ ಗೋಡೆಗೆ ಬಡಿಯುತ್ತಿದ್ದವು ಎಂದು ನಾನು ಮೊದಲು ಕಲ್ಪಿಸಿಕೊಂಡಿದ್ದೆ. ಹಾಗಿರಲಿಲ್ಲ, ಅಂದೂ ಸಮುದ್ರ ದೂರವೇ ಇತ್ತು, ಹಡಗುಗಳು ಕೊಳಗಳನ್ನೂ ಕಾಲುವೆಯನ್ನೂ ದಾಟಿ ಬರಬೇಕಿತ್ತು. ಕೋಟೆಗೋಡೆ ಅವನ ಮಗ ಮೂರನೆಯ ಫಿಲಿಪ್ ಕಾಲದ್ದು. 1272ರಲ್ಲಿ ಜಿನೋವಾದ ಗುಲ್ಯೆಲ್ಮೊ ಬೊಕನೇಗ್ರಾ ಎಂಬವನೊಂದಿಗೆ ಒಪ್ಪಂದವಾಯಿತು, ಮೊಮ್ಮಗನ ಕಾಲಕ್ಕೆ ಗೋಡೆ ಮುಗಿಯಿತು. 1481ರಲ್ಲಿ ಪ್ರೊವಾಂಸ್ ಫ್ರಾನ್ಸಿಗೆ ಸೇರಿ ಮಾರ್ಸೇ ಕೈಗೆ ಬಂದ ಮೇಲೆ ಈ ಹೂಳು ತುಂಬುವ ಬಂದರು ಯಾರಿಗೆ ಬೇಕು? ಊರು ಬೆಳೆಯಲಿಲ್ಲ. ಬೆಳೆಯದ ಕಾರಣಕ್ಕೇ ಗೋಡೆಯನ್ನು ಯಾರೂ ಒಡೆಯಲಿಲ್ಲ.

ಗೋಡೆಗಿಂತ ಹಳೆಯದು ಗೋಪುರ. ಆರು ಮೀಟರ್ ದಪ್ಪದ ಅದರ ಕಲ್ಲನ್ನು ಲೂಯಿ ಕಟ್ಟಿಸಿದ್ದು ತನ್ನ ಬಂದರಿನ ಕಾವಲಿಗೆ. ಐದು ನೂರು ವರ್ಷಗಳ ನಂತರ ಅದೇ ದಪ್ಪ ಕಲ್ಲು, ಮಗ್ಗುಲಲ್ಲಿ ಮಗುವಿಲ್ಲದ ತಾಯಂದಿರನ್ನು ಕಾಯಿತು.

ದಿನಗಳನ್ನು ಹೀಗೆ ಹಂಚಿಕೊಂಡಿದ್ದೇವೆ. ತಲುಪಿದ ಸಂಜೆ ಏನೂ ಇಲ್ಲ. ಪ್ಲಾಸ್ ಸೇಂ ಲೂಯಿ ಚೌಕದಲ್ಲಿ, ಪ್ರಾದಿಯೇ ಎಂಬ ಶಿಲ್ಪಿ 1849ರಲ್ಲಿ ಮಾಡಿದ ಲೂಯಿಯ ಪ್ರತಿಮೆಯ ಬಳಿ ಕುಳಿತು ಏನಾದರೂ ತಿನ್ನುವುದು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಗೋಪುರ. ಗುಂಪುಗಳು ಬರುವ ಮೊದಲು ಅಕ್ಕನಿಗೆ ಆ ಕೋಣೆ ಸ್ವಲ್ಪ ಹೊತ್ತು ಖಾಲಿಯಾಗಿ ಸಿಗಲಿ ಎಂಬ ಆಸೆ. ಕೋಟೆಗೋಡೆಯ ಮೇಲಿನ ನಡಿಗೆಯನ್ನು ಬೇರೆ ದಿನಕ್ಕೆ ಇಟ್ಟಿದ್ದೇವೆ, ಬಿಸಿಲು ತಗ್ಗಿದ ಮೇಲೆ. ಅಲ್ಲಿ ನೆರಳಿಲ್ಲ. ಗೋಡೆ ಸುತ್ತುವಾಗ ನೈಋತ್ಯದ ಬುರ್ಗಿನ್ಯೋಂ ಗೋಪುರ ಸಿಗುತ್ತದೆ. 1421ರ ಯುದ್ಧದಲ್ಲಿ ಸತ್ತ ಬರ್ಗಂಡಿ ಸೈನಿಕರ ಹೆಣಗಳನ್ನು ಕೊಳೆಯದಂತೆ ಉಪ್ಪು ಹಾಕಿ ಅಲ್ಲಿ ತುಂಬಿದರೆಂಬ ದಂತಕತೆ ಇದೆ. ಅಕ್ಕ ಅರ್ಧ ದಾರಿಯಲ್ಲಿ ಇಳಿಯಬೇಕಾದರೆ ಇಳಿಯುತ್ತಾಳೆ, ನಾನು ಸುತ್ತು ಮುಗಿಸಿ ಬರುತ್ತೇನೆ. ಭಾನುವಾರ ಮತ್ತು ಬುಧವಾರ ಬೆಳಿಗ್ಗೆ ಗೋಡೆಯ ಹೊರಗೆ ಸಂತೆ. ಒಂದು ದಿನ ಉಪ್ಪಿನ ಗದ್ದೆ. ಒಂದು ದಿನ ಕಾರ್ಬೊನಿಯೇರ್ ಗೋಪುರ. ಊರಿಗೆ ಉತ್ತರದಲ್ಲಿ ಸುಮಾರು ಮೂರು ಕಿಲೊಮೀಟರ್, ಜವುಗಿನ ನಡುವಿನ ಒಂದೇ ದಾರಿಗೆ ಅಡ್ಡಲಾಗಿ ಕಟ್ಟಿದ ಕಾವಲು ಬಾಗಿಲು. ಮಾರಿಯನ್ನು ಉತ್ತರದಿಂದ ಕರೆತಂದಾಗ ಅವಳೂ ಆ ಕಮಾನಿನ ಕೆಳಗೇ ಬಂದಿರಬೇಕು ಎಂದು ನನ್ನ ಊಹೆ.

ಊಟದ ವಿಷಯ. ಕಾಮಾರ್ಗ್‌ನ ಹೆಸರಾಂತ ಅಡುಗೆ ಹೋರಿಯ ಮಾಂಸದ ‘ಗಾರ್ದಿಯಾನ್’, ಮರಳಿನಿಂದ ಹೆಕ್ಕಿದ ‘ತೆಲಿನ್’ ಚಿಪ್ಪುಮೀನು. ಅಕ್ಕ ಸಸ್ಯಾಹಾರಿ. ಅಲ್ಲೇ ಬೆಳೆಯುವ ಕೆಂಪಕ್ಕಿ ಇದೆ, ಸಂತೆಯಲ್ಲಿ ಟೊಮೇಟೊ, ಆಲಿವ್, ಆಡಿನ ಹಾಲಿನ ಚೀಸ್ ಇವೆ. ಕೋಣೆಯಲ್ಲಿ ಪುಟ್ಟ ಒಲೆಯೂ ಇದೆ. ಕಿತ್ತಳೆ ಹೂವಿನ ನೀರು ಬೆರೆಸಿ, ಬೆಣ್ಣೆ ಸಕ್ಕರೆ ಹಾಕಿ ಸುಡುವ ಎಗ್ ಮೋರ್ತ್‌ನ ಸಿಹಿ ‘ಫುಗಾಸ್’ ತಿನ್ನಲು ನಾನು ಕಾಯುತ್ತಿದ್ದೇನೆ. ಮೊಟ್ಟೆ ಇದೆಯೇ ಎಂದು ಕೇಳಲು ಬೇಕಾದ ಫ್ರೆಂಚ್ ವಾಕ್ಯವನ್ನು ಅಕ್ಕ ಕಲಿತಿದ್ದಾಳೆ. ಅಂಗಡಿಗೆ ಕಾಲಿಟ್ಟೊಡನೆ ಮೊದಲು ‘ಬೋಂಜೂರ್’ ಎನ್ನಬೇಕು, ನಂತರವೇ ಬೇರೆ ಮಾತು; ಇದನ್ನು ಇಬ್ಬರೂ ಅಭ್ಯಾಸ ಮಾಡಿದ್ದೇವೆ. ಹೋಟೆಲಿನಲ್ಲಿ ‘ಉನ್ ಕರಾಫ್ ದೋ’ ಎಂದರೆ ನಲ್ಲಿ ನೀರಿನ ಹೂಜಿ, ಅದಕ್ಕೆ ಹಣ ಕೊಡಬೇಕಿಲ್ಲ.

ಉಳಿದದ್ದು ವೀಸಾ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಟಿಕೆಟ್, ಕೋಣೆಯ ರಸೀದಿ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಕ್ರಮವಾಗಿ ಜೋಡಿಸಿದ್ದೇನೆ. ಜೊತೆಗೆ ಪ್ರಯಾಣದ ಉದ್ದೇಶ ತಿಳಿಸುವ ಒಂದು ಪತ್ರ ಇರಬೇಕು. ನನ್ನದನ್ನು ಎಲ್ಲರೂ ಬರೆಯುವ ಹಾಗೆಯೇ ಬರೆದೆ: ಪ್ರವಾಸ, ಐತಿಹಾಸಿಕ ಸ್ಥಳಗಳ ಭೇಟಿ.

ಅಕ್ಕ ತನ್ನ ಪತ್ರವನ್ನು ತಾನೇ ಬರೆಯುತ್ತೇನೆಂದಳು. ಮೂರು ಕರಡು ಹರಿದು ನಾಲ್ಕನೆಯದನ್ನು ನಿನ್ನೆ ರಾತ್ರಿ ನನ್ನ ಕೈಗೆ ಕೊಟ್ಟಳು. ಹೆಸರು, ಹುಟ್ಟಿದ ದಿನ, ನಿವೃತ್ತ ಅಂಚೆ ನೌಕರಳು ಎಂಬ ಪರಿಚಯ. ನಂತರ ಹೀಗಿದೆ: ‘ಎಗ್ ಮೋರ್ತ್ ಊರಿನ ಕೋಂಸ್ತಾಂಸ್ ಗೋಪುರದಲ್ಲಿ ಕಲ್ಲಿನ ಮೇಲೆ ಕೆತ್ತಿರುವ ಒಂದು ಪದವನ್ನು ಓದಲು ಬರುತ್ತಿದ್ದೇನೆ. ಓದಿದ ಮೇಲೆ ಹಿಂತಿರುಗುತ್ತೇನೆ.’ ಅರ್ಜಿ ನೋಡುವ ಅಧಿಕಾರಿಗೆ ಇದು ವಿಚಿತ್ರವಾಗಿ ಕಂಡೀತು ಎಂದು ‘ಪ್ರವಾಸ’ ಎಂಬ ಪದವನ್ನಾದರೂ ಸೇರಿಸಲು ಪೆನ್ನು ತೆಗೆದೆ. ಅಕ್ಕ ಎದುರಿಗೇ ಕುಳಿತಿದ್ದಳು. ಪೆನ್ನನ್ನು ಮುಚ್ಚಿಟ್ಟೆ. ಹಾಳೆಯನ್ನು ಹಾಗೆಯೇ ಕಡತಕ್ಕೆ ಸೇರಿಸಿದ್ದೇನೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಸರದಿ.